ಕತ್ತರಿಸಿ ತೆಗೆದ ಮೇಲೆ

ಸರ್ಜನ್ನರ ವೃತ್ತಿಯಲ್ಲಿ ಅಪೆಂಡಿಕ್ಸಿನ ಶಸ್ತ್ರಕ್ರಿಯೆಗೆ ಇರುವ ಮರ್ಯಾದೆ ಬಹು ಕಡಮೆಯದು. ಹೊಸದಾಗಿ ಚಾಕು ಹಿಡಿದ ತರುಣನಿಗೆ ಹಿರಿಯರು ಮೊದಮೊದಲು ಒಪ್ಪಿಸುವ ಕೆಲಸ ಅದಾದ್ದರಿಂದ, ಅದನ್ನು ಮಾಡಿದೆನೆಂದು ಹೇಳಿಕೊಳ್ಳುವುದರಲ್ಲಿ ಯಾರಿಗೂ ಹೆಮ್ಮೆಯಿಲ್ಲ. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕವನ್ನೇ ಒಂದೂವರೆ ತಿಂಗಳು ಮುಂದಕ್ಕೆ ತಳ್ಳಿ, ಸರ್ ಫ್ರೆಡರಿಕ್ ಟ್ರೀವ್ಸನಿಗೆ ಜಗತ್ಪ್ರಸಿದ್ಧಿಯನ್ನು ತಂದುಕೊಟ್ಟ ವ್ಯಾಧಿಯು ನಮ್ಮ ಕಾಲಕ್ಕೆ "ಅಪೆಂಡಿಕ್ಸ್ ತಾನೆ, ನಾಳಿದ್ದು ಮನೆಗೆ ಹೋಗಬಹುದು" ಎಂಬ ಉದಾಸೀನದ ಮಾತಿಗೆ ಇಳಿದುಬಿಟ್ಟಿತ್ತು. ಆದರೆ ನಾನು ಜಿಲ್ಲಾ ಆಸ್ಪತ್ರೆಯಲ್ಲಿ ಕಳೆದ ಕಾಲವನ್ನು ಹಿಂದಿರುಗಿ ನೋಡುವಾಗ, ನನ್ನನ್ನು ಹೆಚ್ಚಾಗಿ ಚಿಂತೆಗೀಡುಮಾಡಿದ, ಹೆಚ್ಚಾಗಿ ಪುಸ್ತಕ ತೆರೆಸಿದ ರೋಗಿಗಳಲ್ಲಿ ಹಲವರು ಜಠರದವರೂ ಅಲ್ಲ, ಪಿತ್ತಕೋಶದವರೂ ಅಲ್ಲ, ಈ ಅಲ್ಪವಾದ ಅಂಗದಲ್ಲಿ ಅಪರೂಪದ ಗೆಡ್ಡೆಯನ್ನು ಹೊತ್ತು, ತಮಗೂ ತಿಳಿಯದೆ, ಆಪರೇಷನ್ ಮಾಡಿದ ನನಗೂ ತಿಳಿಯದೆ ಬಂದು ಹೋದವರು.

ತಿಳಿಯದೆ ಎಂದು ಬರೆದದ್ದು ಅಲಂಕಾರಕ್ಕಲ್ಲ. ತೆಗೆದ ಅಪೆಂಡಿಕ್ಸುಗಳಲ್ಲಿ ನೂರಕ್ಕೆ ಸುಮಾರು ಒಂದರಲ್ಲಿ ಯಾವುದಾದರೊಂದು ಬಗೆಯ ಗೆಡ್ಡೆ ಇರುತ್ತದೆಂದು ಗ್ರಂಥಗಳು ಹೇಳುತ್ತವೆ. ಅದು ಅಪೆಂಡಿಕ್ಸಿನ ಸಣ್ಣ ಕೊಳವೆಯನ್ನು ಮುಚ್ಚಿ ಉರಿಯೂತವನ್ನೆಬ್ಬಿಸಿದರೆ ರೋಗಿಗೆ ಬರುವ ನೋವು, ವಾಂತಿ, ಜ್ವರ ಎಲ್ಲವೂ ಸಾಮಾನ್ಯ ಅಪೆಂಡಿಸೈಟಿಸಿನವೇ. ಅದು ತುದಿಯಲ್ಲಿ ಸುಮ್ಮನೆ ಕುಳಿತಿದ್ದರೆ ಯಾವ ಲಕ್ಷಣವೂ ಇಲ್ಲ. ಕೈಯಿಂದ ಮುಟ್ಟಿ, ಕಣ್ಣಿಂದ ಕಂಡು, ಬಲಗಿಬ್ಬೊಟ್ಟೆಯನ್ನು ತೆರೆದು ಬೆರಳಿಂದ ಹೊರತೆಗೆದ ಮೇಲೂ ಗುರುತು ಸಿಕ್ಕದೆ ಹೋಗುವ ಆ ವಸ್ತು ಸಿಕ್ಕುವುದು ಮೂರನೆಯವರ ಮೇಜಿನ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ. ಆದುದರಿಂದ ಈ ರೋಗದ ನಿದಾನವೆಲ್ಲ ಆಧರಿಸಿರುವುದು ಸರ್ಜನ್ನನ ಬುದ್ಧಿಯನ್ನಲ್ಲ. ಅವನು ಕತ್ತರಿಸಿ ತೆಗೆದದ್ದು ಆಮೇಲೆ ಎಲ್ಲಿಗೆ ಹೋಯಿತು ಎಂಬುದನ್ನು.

ನಮ್ಮ ಕಡೆ ಅದು ಹೋಗುತ್ತಿದ್ದುದೆಲ್ಲಿಗೆ? ಕಿಡ್ನಿ ಟ್ರೇಯಲ್ಲಿಟ್ಟು, ಥಿಯೇಟರಿನ ಬಾಗಿಲನ್ನು ಅರ್ಧ ತೆರೆದು, ಹೊರಗೆ ಕಾದು ನಿಂತ ಬಂಧುಗಳಿಗೆ ಅದನ್ನು ತೋರಿಸುವುದು ಒಂದು ಸಂಪ್ರದಾಯ. ಅಷ್ಟು ಗೋಳಾಡಿಸಿದ್ದು ಇದೇ ಏನು ಎಂದು ಅವರು ಬೆರಗಾಗಿ ನೋಡುವರು, ಹಿರಿಯರೊಬ್ಬರು ಕೈಮುಗಿಯುವರು, ಟ್ರೇ ಒಳಕ್ಕೆ ಬರುವುದು. ಬಹಳ ಕಡೆ ಅದರ ಚರಿತ್ರೆ ಅಲ್ಲಿಗೆ ಮುಗಿಯುತ್ತಿತ್ತು, ಆಯಾಳ ಬಕೆಟ್ಟಿನಲ್ಲಿ. ನನ್ನ ಗುರುಗಳು ಮಾತ್ರ ಈ ಒಂದು ವಿಷಯದಲ್ಲಿ ದಯೆ ದಾಕ್ಷಿಣ್ಯವಿಲ್ಲದವರಾಗಿದ್ದರು. "ಹೊಟ್ಟೆ ಹೊಲಿದಾಗ ನಿನ್ನ ಕೈಕೆಲಸ ಮುಗಿಯಿತಯ್ಯಾ, ಆಪರೇಷನ್ ಮುಗಿಯುವುದು ಪೆಥಾಲಜಿಯ ಚೀಟಿ ಬಂದ ದಿನ" ಎಂದು ಅವರು ಗದರಿಸಿ ಹೇಳಿದ್ದು ನನ್ನ ಕಿವಿಯಿಂದ ಇಂದಿಗೂ ಹೋಗಿಲ್ಲ. ಜಿಲ್ಲಾ ಆಸ್ಪತ್ರೆಗೆ ಬಂದ ಮೇಲೆ ಆ ಮಾತನ್ನು ಪಾಲಿಸುವುದು ಕೇಳಿದಷ್ಟು ಸುಲಭವಾಗಿರಲಿಲ್ಲ. ಅಲ್ಲಿ ಪೆಥಾಲಜಿ ವಿಭಾಗವೆಂಬುದೇ ಇರಲಿಲ್ಲವಾಗಿ, ಖಾಲಿ ಹಾರ್ಲಿಕ್ಸ್ ಬಾಟಲಿಗಳನ್ನು ತೊಳೆದಿಟ್ಟು, ಫಾರ್ಮಲಿನ್ನಿನಲ್ಲಿ ಅಂಗವನ್ನು ಮುಳುಗಿಸಿ, ಮಸಿಯು ಆ ದ್ರವಕ್ಕೆ ಕರಗುವುದೆಂದು ಪೆನ್ಸಿಲಿನಲ್ಲೇ ಹೆಸರು ವಯಸ್ಸುಗಳನ್ನು ಬರೆದು, ಗಾಜ್ ಬಟ್ಟೆಯಿಂದ ಬಿಗಿದು, ದಾವಣಗೆರೆಯ ವೈದ್ಯ ಕಾಲೇಜಿಗೆ ಹೋಗುವ ಬಸ್ಸಿಗೆ ರೋಗಿಯ ಮಾವನನ್ನೋ ಭಾವಮೈದುನನನ್ನೋ ಹತ್ತಿಸಬೇಕಾಗಿತ್ತು. ಕಂಡಕ್ಟರು ವಾಸನೆಗೆ ಮೂಗು ಮುಚ್ಚಿ "ಏನ್ರೀ ಅದು ಬಾಟ್ಲಿಯೊಳಗೆ?" ಎಂದು ಕೇಳಿದರೆ, ಉತ್ತರ ಹೇಳಲು ನಾಚಿ ನಡುದಾರಿಯಲ್ಲೇ ಇಳಿದು ಬಂದವರೂ ಉಂಟು.

ಹಾಗೆ ಹೋದ ಬಾಟಲಿಗಳಲ್ಲೊಂದು ಚಳ್ಳಕೆರೆಯ ಕಡೆಯ ಕಡಲೆಕಾಯಿ ಬೆಳೆಯುವ ರೈತನ ಮಗಳದು. ಹುಡುಗಿಗೆ ಹದಿನೇಳು ಹದಿನೆಂಟರ ಪ್ರಾಯ. ಎಲ್ಲರಿಗೂ ಬರುವಂತಹ ನೋವು, ಎಲ್ಲರಲ್ಲಿಯೂ ಕಾಣುವಂತಹ ಕೆಂಪೇರಿದ ಅಪೆಂಡಿಕ್ಸು. ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೋಗಿ ವಾರವಾದ ಮೇಲೆ ಪೆಥಾಲಜಿ ಪ್ರೊಫೆಸರರಿಂದ ಟೈಪು ಮಾಡಿದ ವರದಿಯ ಜೊತೆಗೆ ಸ್ವಹಸ್ತದ ಒಂದು ಕಾಗದವೂ ಬಂದಿತು. ತುದಿಯಲ್ಲಿ ಎಂಟು ಮಿಲಿಮೀಟರಿನ ಒಂದು ಗಂಟು ಇದ್ದಿತೆಂದೂ, ಫಾರ್ಮಲಿನ್ನಿನಲ್ಲಿ ನೆನೆದ ಮೇಲೆ ಅದು ಹಳದಿಯ ಬಣ್ಣಕ್ಕೆ ತಿರುಗಿದುದೇ ತಮ್ಮ ಗಮನವನ್ನು ಸೆಳೆದುದೆಂದೂ, ಬೆಳ್ಳಿಯ ಲವಣದ ಬಣ್ಣವನ್ನು ಕಟ್ಟಿದಾಗ ಅದರ ಜೀವಕೋಶಗಳು ಕಪ್ಪಾಗಿ ತೋರಿ ಸಂಶಯವನ್ನು ಪರಿಹರಿಸಿದವೆಂದೂ ಬರೆದು, ಕೊನೆಗೆ "ಕಾರ್ಸಿನಾಯ್ಡ್. ನೀವು ಕಳಿಸಿದ್ದಕ್ಕೆ ಸಂತೋಷ" ಎಂದು ಮುಗಿಸಿದ್ದರು. ತುದಿಯ ಭಾಗವನ್ನು ಉದ್ದುದ್ದವಾಗಿ ಸೀಳಿ ನೋಡುವ ಪದ್ಧತಿ ಅವರಿಗಿಲ್ಲದಿದ್ದರೆ ಅದು ಅವರಿಗೂ ತಪ್ಪಿಹೋಗುತ್ತಿತ್ತು. ಏಕೆಂದರೆ ಈ ಗೆಡ್ಡೆಗಳಲ್ಲಿ ಬಹುಪಾಲು ಹುಟ್ಟುವುದು ಆ ತುದಿಯಲ್ಲಿಯೇ.

ಈ ಕಾರ್ಸಿನಾಯ್ಡಿನ ಇತಿಹಾಸದಲ್ಲಿ ನನಗೆ ಪ್ರಿಯನಾದ ವ್ಯಕ್ತಿಯೊಬ್ಬನಿದ್ದಾನೆ. ಮ್ಯೂನಿಕ್ಕಿನ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಎಂಬ ಪೆಥಾಲಜಿಸ್ಟನು ಸಣ್ಣಕರುಳಿನಲ್ಲಿ ಕಂಡ ಕೆಲವು ಕಿರುಗೆಡ್ಡೆಗಳು ನೋಟಕ್ಕೆ ಕ್ಯಾನ್ಸರಿನಂತಿದ್ದು ನಡತೆಯಲ್ಲಿ ಸಾಧುವಾಗಿವೆಯೆಂದು ಗಮನಿಸಿ, 1907ರಲ್ಲಿ ಡ್ರೆಸ್ಡೆನ್ನಿನ ವಿದ್ವತ್ಸಭೆಯೊಂದರಲ್ಲಿ ಅವನ್ನು ಬೇರೆಯ ಜಾತಿಯೆಂದು ಮಂಡಿಸಿ ಆ ಹೆಸರಿಟ್ಟನು. ವಿದ್ವಾಂಸರಲ್ಲಿ ದುರ್ಲಭವಾದ ಗುಣ ಅವನಲ್ಲಿದ್ದುದು ತಿಳಿಯುವುದು ಅಲ್ಲಲ್ಲ, 1929ರಲ್ಲಿ. ಅಷ್ಟು ಕಾಲ ತಾನು ಸಾಧುವೆಂದು ಸಾರಿದ್ದ ಗೆಡ್ಡೆಗಳಲ್ಲಿ ಕೆಲವು ದುಷ್ಟವೂ ಆಗಬಲ್ಲವು, ದೂರದ ಅಂಗಗಳಿಗೆ ಹರಡಬಲ್ಲವು ಎಂದು ತಾನೇ ತಿದ್ದಿ ಬರೆದನು. ಯಹೂದಿಯೆಂಬ ಕಾರಣಕ್ಕೆ 1933ರಲ್ಲಿ ತನ್ನ ದೇಶದಲ್ಲಿ ಸ್ಥಾನವನ್ನು ಕಳೆದುಕೊಂಡು ತುರ್ಕಿಯ ಇಸ್ತಾಂಬುಲ್ಲಿಗೆ ಹೋಗಿ, ಅಲ್ಲಿಯೇ ಪಾಠ ಹೇಳುತ್ತ 1944ರಲ್ಲಿ ತೀರಿಕೊಂಡನು. ಸಾಧುವೋ ದುಷ್ಟವೋ ಎಂಬ ಆ ಪ್ರಶ್ನೆಯನ್ನು ಅವನ ತರುವಾಯದವರು ಬಹುಮಟ್ಟಿಗೆ ಅಳತೆಗೋಲಿನಿಂದಲೇ ಬಗೆಹರಿಸಿಕೊಂಡಿದ್ದಾರೆ. ಗಂಟು ಒಂದು ಸೆಂಟಿಮೀಟರಿಗಿಂತ ಚಿಕ್ಕದಾದರೆ ಅಪೆಂಡಿಕ್ಸನ್ನು ತೆಗೆದದ್ದೇ ಸಂಪೂರ್ಣ ಚಿಕಿತ್ಸೆ. ಎರಡನ್ನು ಮೀರಿದರೆ ದೊಡ್ಡಕರುಳಿನ ಬಲಭಾಗವನ್ನು ದುಗ್ಧಗ್ರಂಥಿಗಳ ಸಮೇತ ತೆಗೆಯಬೇಕು. ನಡುವಣ ಅಳತೆಯವು ವಾದಕ್ಕೆ ವಸ್ತು. ಬುಡಕ್ಕೆ ಹತ್ತಿರವೇ, ಅಪೆಂಡಿಕ್ಸನ್ನು ಹೊತ್ತಿರುವ ಕೊಬ್ಬಿನ ಮಡಿಕೆಯೊಳಕ್ಕೆ ಇಳಿದಿದೆಯೇ ಎಂಬುದನ್ನೆಲ್ಲ ತೂಗಿ ನೋಡಿ ಅಲ್ಲಿ ತೀರ್ಮಾನಿಸಬೇಕಾಗುತ್ತದೆ.

ಹುಡುಗಿಯ ತಂದೆಯನ್ನು ಕರೆಸಿದೆ. ವಿಷಯವನ್ನು ಎಷ್ಟು ಮೃದುವಾಗಿ ಹೇಳಿದರೂ ಅವನ ಕಿವಿಗೆ ಬಿದ್ದದ್ದು ಒಂದೇ ಪದ. ಬಹಳ ಹೊತ್ತು ಸುಮ್ಮನಿದ್ದು, ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತೆಗೆದುಕೊಂಡು ಕೇಳಿದ:

"ಇದನ್ನ ಚೀಟೀಲಿ ಬರೀತೀರಾ ಸ್ವಾಮಿ?"

"ಬರೀಬೇಕಪ್ಪಾ."

"ಬೇಡಿ ಸ್ವಾಮಿ. ನಾಳೆ ಗಂಡಿನ ಕಡೇರು ಯಾರಾದ್ರೂ ಓದಿದ್ರೆ ಮಗೂನ ಯಾರು ಕೈಹಿಡೀತಾರೆ? ವಾಸಿ ಆಗೈತೆ ಅಂತ ನೀವೇ ಅಂತೀರಲ್ಲ."

ಅವನ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಊರಿನಲ್ಲಿ ಆ ಪದಕ್ಕೆ ಇರುವ ಅರ್ಥವು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ಕಡಲೆಬೀಜದಷ್ಟು ಗಂಟಿಗಾಗಿ ಮಗಳ ಬಾಳನ್ನೇ ಪಣಕ್ಕಿಡಲು ಯಾವ ತಂದೆಯೂ ಒಪ್ಪನು. ಆದರೆ ನಾಳೆ ಬೇರೆಯ ವೈದ್ಯನ ಮುಂದೆ ಅವಳು ಮಲಗಿದಾಗ ಆ ಚೀಟಿಯಲ್ಲದೆ ಅವಳ ಪರವಾಗಿ ಮಾತಾಡುವವರು ಯಾರು? ವರದಿಯ ಪ್ರತಿಯನ್ನು ಕೊಟ್ಟೆ. ಅದರ ಕೆಳಗೆ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ರೋಗವು ಸಂಪೂರ್ಣವಾಗಿ ಪರಿಹಾರವಾಗಿದೆ, ಮುಂದೆ ಯಾವ ಔಷಧವೂ ಬೇಕಾಗಿಲ್ಲ, ವಿವಾಹಕ್ಕಾಗಲಿ ಸಂತಾನಕ್ಕಾಗಲಿ ಯಾವ ಬಾಧಕವೂ ಇಲ್ಲ ಎಂದು ಬರೆದು ಮೊಹರು ಹಾಕಿದೆ. ಅವನು ಓದಿಸಿಕೊಂಡು ಕೇಳಿ, ಮೊಹರಿನ ಮೇಲೆ ಬೆರಳಾಡಿಸಿ, ಮಡಿಸಿ ಜೇಬಿನೊಳಗಿಟ್ಟುಕೊಂಡನು. ಮದುವೆಯ ಲಗ್ನಪತ್ರಿಕೆ ಮೂರನೆಯ ವರ್ಷ ಬಂದಿತು.

ಗಣಿತದ ಮೇಷ್ಟರೊಬ್ಬರ ಸಂಗತಿ ಹೀಗೆ ಸುಖವಾಗಿ ಮುಗಿಯುವಂತಹುದಾಗಿರಲಿಲ್ಲ. ಹೈಸ್ಕೂಲಿನಲ್ಲಿ ಹುಡುಗರನ್ನು ನಡುಗಿಸುತ್ತಿದ್ದ, ಮಾತಿಗೊಂದು ಲೆಕ್ಕ ಕೇಳುತ್ತಿದ್ದ ಅವರ ಅಪೆಂಡಿಕ್ಸಿನ ಬುಡದ ಸಮೀಪದಲ್ಲಿ ಎರಡೂವರೆ ಸೆಂಟಿಮೀಟರಿನ ಕಾರ್ಸಿನಾಯ್ಡ್ ಇದ್ದುದಾಗಿ ವರದಿ ಬಂದಾಗ, ಮೊದಲನೆಯ ಗಾಯವೇ ಇನ್ನೂ ಮಾಗದ ಅವರಿಗೆ ಎರಡನೆಯ, ದೊಡ್ಡ ಆಪರೇಷನ್ನಿನ ಆವಶ್ಯಕತೆಯನ್ನು ವಿವರಿಸಬೇಕಾಯಿತು. ಗಂಟು ಹೊರಗೆ ಬಂದಾಯಿತಲ್ಲ, ಇನ್ನು ಯಾವುದನ್ನು ಕುಯ್ಯುತ್ತೀರಿ ಎಂಬುದು ಅವರ ಪ್ರಶ್ನೆ. ಅಪೆಂಡಿಕ್ಸಿನ ದುಗ್ಧವಾಹಿನಿಗಳು ಸಣ್ಣಕರುಳಿಗೂ ದೊಡ್ಡಕರುಳಿಗೂ ಹೋಗುವ ರಕ್ತನಾಳದ ಬದಿಯಲ್ಲೇ ಮೇಲಕ್ಕೆ ಸಾಗುವುವಾದ್ದರಿಂದ, ರೋಗದ ಬೀಜ ಅಲ್ಲಿನ ಗ್ರಂಥಿಗಳಲ್ಲಿ ಕುಳಿತಿದೆಯೇ ಇಲ್ಲವೇ ಎಂದು ತಿಳಿಯಬೇಕಾದರೆ ಆ ನಾಳವನ್ನು ಮೂಲದಲ್ಲಿ ಕಟ್ಟಿ, ಅದು ಪೋಷಿಸುವ ಕರುಳನ್ನೂ ತೆಗೆದು, ಉಳಿದ ಎರಡು ತುದಿಗಳನ್ನು ಕೂಡಿಸಬೇಕು. ಗ್ರಂಥಿಗಳನ್ನಷ್ಟೇ ಹೆಕ್ಕಿಕೊಂಡು ಕರುಳನ್ನು ಬಿಟ್ಟುಬರುವ ಉಪಾಯವಿಲ್ಲ. ಮೇಷ್ಟರು ಅಷ್ಟಕ್ಕೆ ತೃಪ್ತರಾಗದೆ ಅಂಕಿಗಳನ್ನು ಕೇಳಿದರು. ಅಮೆರಿಕದ ಮೇಯೋ ಕ್ಲಿನಿಕ್ಕಿನಿಂದ ಮಾರ್ಟೆಲ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ್ದ 150 ರೋಗಿಗಳ ಲೆಕ್ಕ ನನ್ನಲ್ಲಿತ್ತು. ಎರಡು ಸೆಂಟಿಮೀಟರಿನ ಒಳಗಿದ್ದ 127 ಜನರಲ್ಲಿ ಒಬ್ಬರಿಗೂ ರೋಗ ಹರಡಿರಲಿಲ್ಲ; ಎರಡರಿಂದ ಮೂರರವರೆಗಿನ 14 ಜನರಲ್ಲಿ 3 ಮಂದಿಗೂ, ಮೂರನ್ನು ಮುಟ್ಟಿದ ಅಥವಾ ಮೀರಿದ 9 ಜನರಲ್ಲಿ 4 ಮಂದಿಗೂ ಹರಡಿತ್ತು. ಅವರು ಪೆನ್ಸಿಲು ಕೇಳಿ, ಕೇಸ್ ಷೀಟಿನ ಹಿಂಬದಿಯಲ್ಲಿ ಕೂಡಿ ನೋಡಿ, ಮೊತ್ತ ತಾಳೆಯಾದದ್ದನ್ನು ಖಚಿತಪಡಿಸಿಕೊಂಡು, "ಸರಿ, ಮಾಡಿ" ಎಂದರು.

ತೆಗೆದ ಗ್ರಂಥಿಗಳಲ್ಲಿ ಒಂದರಲ್ಲಿಯೂ ರೋಗವಿರಲಿಲ್ಲ. ಶುಭವಾರ್ತೆಯೆಂದು ನಾನೇ ಹೋಗಿ ಹೇಳಿದಾಗ ಅವರು ದಿಂಬಿಗೊರಗಿ ನನ್ನನ್ನೇ ನೋಡುತ್ತ, "ಹಾಗಾದರೆ ಡಾಕ್ಟರೇ, ಹದಿನಾಲ್ಕರಲ್ಲಿ ಉಳಿದ ಹನ್ನೊಂದರ ಪಾಲಿಗೆ ನಾನು ಸೇರಿದೆ ಅನ್ನಿ. ಹನ್ನೊಂದು ಜನಕ್ಕೆ ಈ ಆಪರೇಷನ್ ಬೇಕಾಗಿರಲಿಲ್ಲ" ಎಂದರು. "ಮೇಷ್ಟ್ರೇ, ಆ ಹನ್ನೊಂದು ಜನ ಯಾರೆಂದು ಮೊದಲೇ ಗೊತ್ತಾಗುವ ಲೆಕ್ಕ ಇನ್ನೂ ಯಾರಿಗೂ ಬಂದಿಲ್ಲ" ಎಂದೆ. ಅವರು ನಕ್ಕರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಬಲಗರುಳನ್ನು ಕಳೆದುಕೊಂಡವರಿಗೆ ಆಗುವಂತೆ ಅವರಿಗೂ ಕೆಲವು ತಿಂಗಳ ಕಾಲ ಭೇದಿಯ ಕಾಟವಿತ್ತು. ತರಗತಿಯ ನಡುವೆ ಎದ್ದುಹೋಗಬೇಕಾಗಿ ಬಂದ ಅವಮಾನವನ್ನು ಅವರು ನನಗೆ ಎರಡು ಸಲ ಹೇಳಿದರು. ಆ ಶಸ್ತ್ರಕ್ರಿಯೆ ಸರಿಯೆಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ಸರಿಯಾದ ಶಸ್ತ್ರಕ್ರಿಯೆಗೂ ರೋಗಿಯೇ ಬೆಲೆ ತೆರುವನೆಂಬುದನ್ನು ಅಂಕಿಗಳ ಕೋಷ್ಟಕಗಳು ಬರೆದಿಡುವುದಿಲ್ಲ.

ಅಪೆಂಡಿಕ್ಸಿನ ಗೆಡ್ಡೆಗಳಲ್ಲಿ ಇನ್ನೊಂದು ವಂಶವಿದೆ. ಅದರ ಸ್ವಭಾವ ಕಾರ್ಸಿನಾಯ್ಡಿನದಕ್ಕಿಂತ ತೀರ ಬೇರೆ. ಒಳಗಿನ ಪೊರೆಯ ಕೋಶಗಳು ಮಿತಿಮೀರಿ ಲೋಳೆಯನ್ನು ಸುರಿಸುತ್ತ, ಹೊರಹೋಗುವ ದಾರಿಯಿಲ್ಲದೆ ಅಂಗವು ಉಬ್ಬುತ್ತ, ಹೆಬ್ಬೆರಳಿನಷ್ಟಾಗಿ, ಬಾಳೆಕಾಯಿಯಷ್ಟಾಗಿ ಬೆಳೆಯುವ ಮ್ಯೂಕೋಸೀಲ್ ಎಂಬುದು ಇದು. 1842ರಲ್ಲಿಯೇ ವಿಯೆನ್ನಾದ ರೋಕಿಟಾನ್‌ಸ್ಕಿ ಇದನ್ನು ವರ್ಣಿಸಿದ್ದನು. ನಾನು ಮೊದಲು ಇದನ್ನು ಎದುರಿಸಿದ್ದು ಅಂಡಾಶಯದ ಗೆಡ್ಡೆಯೆಂದು ಸ್ತ್ರೀರೋಗದವರು ಕಳಿಸಿಕೊಟ್ಟ ವೃದ್ಧೆಯೊಬ್ಬರಲ್ಲಿ. ಆಗ ತಾನೆ ಅಲ್ಟ್ರಾಸೌಂಡ್ ಯಂತ್ರ ನಮ್ಮ ಊರಿಗೆ ಬಂದಿತ್ತು. ಪರದೆಯ ಮೇಲೆ ಈರುಳ್ಳಿಯನ್ನು ಅಡ್ಡ ಕುಯ್ದಂತೆ ಪದರದೊಳಗೆ ಪದರವಾಗಿ ಕಂಡ ಆ ಆಕೃತಿಯನ್ನು ನೋಡಿ, ಇದು ಅಂಡಾಶಯವಲ್ಲವೆಂದು ರೇಡಿಯಾಲಜಿಯ ತರುಣನು ಹೇಳಿದ್ದೇ ಆಕೆಯ ಪುಣ್ಯ. ಈ ಶಸ್ತ್ರಕ್ರಿಯೆಯಲ್ಲಿ ಜಾಣ್ಮೆಗೆ ಅವಕಾಶ ಕಡಮೆ, ತಾಳ್ಮೆಗೆ ಬಹಳ. ತುಂಬಿದ ಆ ಚೀಲ ಕೈಯಲ್ಲಿ ಒಡೆಯಬಾರದು ಎಂಬುದೊಂದೇ ನಿಯಮ. ಚಿಕ್ಕ ಗಾಯದ ಪ್ರತಿಷ್ಠೆಯನ್ನು ಬಿಟ್ಟು ಹೊಟ್ಟೆಯನ್ನು ಅಗಲವಾಗಿ ತೆರೆದು, ಸುತ್ತಲೂ ಒದ್ದೆಯ ಬಟ್ಟೆಗಳನ್ನು ಹಾಸಿ, ಇಕ್ಕಳದಿಂದ ಚೀಲವನ್ನು ಹಿಡಿಯದೆ ಕೊಬ್ಬಿನ ಮಡಿಕೆಯನ್ನು ಮಾತ್ರ ಹಿಡಿದೆತ್ತಿ, ಬುಡದಲ್ಲಿ ಆರೋಗ್ಯವಾದ ಅಂಚನ್ನು ಸೇರಿಸಿ ಕತ್ತರಿಸಿ, ಇಡಿಯಾಗಿ ಹೊರಕ್ಕೆ ತಂದಾಗ ಅಸಿಸ್ಟೆಂಟ್ ಆಗಿದ್ದ ಹುಡುಗ ಉಸಿರುಬಿಟ್ಟದ್ದು ಕೇಳಿಸಿತು. ಆಮೇಲೆ ಎರಡು ಅಂಡಾಶಯಗಳನ್ನೂ, ಕರುಳಿನ ಉದ್ದವನ್ನೂ ತಡವಿ ನೋಡಿದೆವು. ಇಂತಹವರಲ್ಲಿ ದೊಡ್ಡಕರುಳಿನ ಇನ್ನೊಂದು ಕಡೆ ಬೇರೆಯ ಗೆಡ್ಡೆ ಜೊತೆಗಿರುವುದುಂಟು.

ಒಡೆದರೆ ಏನಾಗುವುದೆಂಬುದನ್ನು ನೋಡಿದವನಿಗೆ ಈ ಎಚ್ಚರಿಕೆ ಅತಿಯೆಂದು ತೋರದು. ಕೆಲವು ವರ್ಷಗಳ ತರುವಾಯ ಬಂದ ಮಧ್ಯವಯಸ್ಸಿನ ಗೃಹಿಣಿಯೊಬ್ಬರಿಗೆ ಹೊಟ್ಟೆ ದಿನದಿನಕ್ಕೆ ಉಬ್ಬುತ್ತಿತ್ತು. ಜಲೋದರವೆಂದು ಔಷಧ ನಡೆದಿತ್ತು. ನೀರು ತೆಗೆಯಲು ಸೂಜಿ ಹಾಕಿದರೆ ಒಂದು ತೊಟ್ಟೂ ಬರಲಿಲ್ಲ. ಬೇರೊಂದು ಊರಿನಲ್ಲಿ ಆಕೆಗೆ ಹಿಂದೆ ಅಪೆಂಡಿಕ್ಸಿನ ಆಪರೇಷನ್ ಆಗಿತ್ತು. "ಒಳಗೇ ಒಡೆದಿತ್ತಂತೆ, ಎಲ್ಲ ತೊಳೆದೆವು ಅಂದ್ರು" ಎಂದರು ಯಜಮಾನರು. ಬಯಾಪ್ಸಿಯ ಕಾಗದವನ್ನು ಕೇಳಿದೆ. ಅಂತಹ ಕಾಗದವೇ ಇರಲಿಲ್ಲ. ತೆರೆದು ನೋಡಿದರೆ ಉದರವೆಲ್ಲ ಲೋಳೆಯಿಂದ ತುಂಬಿ, ವಪೆಯು ಗಟ್ಟಿಯಾದ ಹಲಗೆಯಂತಾಗಿ, ಅಂಡಾಶಯಗಳ ಮೇಲೆ, ಯಕೃತ್ತಿನ ಮೇಲ್ಗಡೆ, ಕಿಬ್ಬೊಟ್ಟೆಯ ತಳದಲ್ಲಿ ಎಲ್ಲೆಲ್ಲಿಯೂ ಆ ಲೋಳೆಯ ಬೀಜಗಳು ನೆಟ್ಟುಕೊಂಡಿದ್ದುವು. ಪುಸ್ತಕಗಳು ಸ್ಯೂಡೊಮಿಕ್ಸೋಮ ಎಂದು ಕರೆಯುವ ಈ ಸ್ಥಿತಿ ಹತ್ತು ಲಕ್ಷಕ್ಕೆ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವಂತಹುದು. ಅದೇ ವರ್ಷ, 1993ರ ಜನವರಿಯಲ್ಲಿ, ನಮ್ಮ ತಲೆಮಾರಿನವರು 'ರೋಮನ್ ಹಾಲಿಡೆ' ಚಿತ್ರದಲ್ಲಿ ಕಂಡು ಮರುಳಾಗಿದ್ದ ಆಡ್ರೆ ಹೆಪ್‌ಬರ್ನ್ ಇದೇ ಜಾತಿಯ ಅಪೆಂಡಿಕ್ಸಿನ ಅರ್ಬುದದಿಂದ ತೀರಿಕೊಂಡಿದ್ದಳು. ಲಾಸ್ ಏಂಜಲೀಸಿನಲ್ಲಿ ಹೊಟ್ಟೆಯನ್ನು ತೆರೆದದ್ದು ಅದಕ್ಕೆ ಮೂರು ತಿಂಗಳೂ ಹಿಂದಲ್ಲ. ನಾವು ಬಾಚಿ ತೆಗೆಯಬಹುದಾದಷ್ಟನ್ನು ತೆಗೆದು, ಎರಡು ವರ್ಷಕ್ಕೆ ಮತ್ತೆ ತೆಗೆದು, ಆಮೇಲೆ ತೆಗೆಯಲಾರದ ಸ್ಥಿತಿಯನ್ನು ಮುಟ್ಟಿದೆವು.

ಆ ಕಾಲಕ್ಕೆ ವಾಷಿಂಗ್‌ಟನ್ನಿನ ಪಾಲ್ ಶುಗರ್‌ಬೇಕರ್ ಎಂಬ ಸರ್ಜನ್ನನು, ಉದರದ ಒಳಪೊರೆಯನ್ನೇ ಅಲ್ಲಲ್ಲಿ ಸುಲಿದು ತೆಗೆದು, ಕಣ್ಣಿಗೆ ಕಾಣುವ ರೋಗವನ್ನೆಲ್ಲ ನಿರ್ಮೂಲಮಾಡಿ, ಅದೇ ಮೇಜಿನ ಮೇಲೆಯೇ 42 ಡಿಗ್ರಿಗೆ ಕಾಯಿಸಿದ ಕ್ಯಾನ್ಸರ್ ಔಷಧವನ್ನು ಒಂದೂವರೆ ಗಂಟೆಯ ಕಾಲ ಹೊಟ್ಟೆಯೊಳಗೆ ಹರಿಸುವ ಘೋರವಾದ ಚಿಕಿತ್ಸೆಯನ್ನು ರೂಢಿಗೆ ತರುತ್ತಿದ್ದನು. ಹತ್ತು ಹನ್ನೆರಡು ಗಂಟೆ ನಡೆಯುವ ಆ ಶಸ್ತ್ರಕ್ರಿಯೆಯನ್ನು ಕುರಿತು ಓದಿ ನಾವು ಹುಬ್ಬೇರಿಸಿದ್ದೆವು. ಈಗ ಬೆಂಗಳೂರಿನಲ್ಲಿಯೂ ಅದು ನಡೆಯುತ್ತದೆ, ಸರಿಯಾಗಿ ಆರಿಸಿದ ರೋಗಿಗಳು ಹತ್ತು ವರ್ಷ ಮೀರಿಯೂ ಬದುಕಿದ್ದಾರೆ. ಆಕೆಗೆ ಅದು ಒದಗಲಿಲ್ಲ. ಮೊದಲ ಆಪರೇಷನ್ನಿನ ದಿನ ಆ ಒಡೆದ ಅಪೆಂಡಿಕ್ಸು ಒಂದು ಹಾರ್ಲಿಕ್ಸ್ ಬಾಟಲಿಯನ್ನು ಸೇರಿದ್ದರೆ, ಹೊಟ್ಟೆ ಉಬ್ಬುವುದಕ್ಕೆ ವರ್ಷಗಳ ಮೊದಲೇ ಆಕೆಯನ್ನು ಕಾವಲಿಡಬಹುದಾಗಿತ್ತು ಎಂಬ ಯೋಚನೆ ನನಗೆ ಬರುತ್ತದೆ. ಆ ಊರಿನ ಸರ್ಜನ್ನರನ್ನು ನಾನು ದೂಷಿಸಲಾರೆ. ನಡುರಾತ್ರಿ, ಕರೆಂಟಿಲ್ಲದ ಥಿಯೇಟರಿನಲ್ಲಿ, ಕೀವು ತುಂಬಿದ ಹೊಟ್ಟೆಯಿಂದ ಚೂರುಚೂರಾಗಿ ಬಂದ ಅಂಗವನ್ನು ಜೋಪಾನಮಾಡುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ.

ಈಗಿನ ತರುಣ ಸರ್ಜನ್ನರಿಗೆ ಸಿ.ಟಿ. ಇದೆ, ಉದರದರ್ಶಕದ ಕೊಳವೆಗಳಿವೆ, ತೆಗೆದದ್ದನ್ನು ಚೀಲದೊಳಗೆ ಹಾಕಿ ಹೊರಗೆಳೆಯುವ ಸೌಕರ್ಯವಿದೆ. ಇದರ ಜೊತೆಗೆ ಅಪೆಂಡಿಸೈಟಿಸಿಗೆ ಆಪರೇಷನ್ನೇ ಬೇಡ, ಆಂಟಿಬಯಾಟಿಕ್ ಸಾಕು ಎಂಬ ಪಕ್ಷವೂ ಬಲವಾಗುತ್ತಿದೆ. ಅನೇಕರಲ್ಲಿ ಅದು ಸಾಕಾಗುವುದೂ ನಿಜ; ನನಗೆ ಅದರ ಮೇಲೆ ಹಗೆಯಿಲ್ಲ. ಆದರೆ ಫಿನ್ಲೆಂಡಿನ ಸರ್ಜನ್ನರು ಅಪೆಂಡಿಕ್ಸಿನ ಸುತ್ತ ಕೀವುಗಟ್ಟಿ ಔಷಧದಿಂದ ಗುಣವಾದ 60 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಟ್ಟು 12 ಜನಕ್ಕೆ ಗೆಡ್ಡೆಯಿದ್ದುದು ಹೊರಪಟ್ಟಿತು; ನಡುವೆಯೇ ಅಂತಹವರು ಹೆಚ್ಚಾಗಿ ಕಂಡುಬಂದುದರಿಂದ ಆ ಪರೀಕ್ಷೆಯನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು; ಗೆಡ್ಡೆಯಿದ್ದವರೆಲ್ಲರೂ ನಲವತ್ತು ದಾಟಿದವರು.

ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಯಾರಿಗಾದರೂ ಅಪೆಂಡಿಕ್ಸನ್ನು ತೆಗೆದರೆ, ಟ್ರೇಯಲ್ಲಿ ತೋರಿಸಿದಾಗ ಕೈಮುಗಿದು ಸುಮ್ಮನಾಗಬೇಡಿ. ಅದನ್ನು ಬಯಾಪ್ಸಿಗೆ ಕಳಿಸುತ್ತೀರಾ ಎಂದು ಕೇಳಿ, ಎರಡು ವಾರಕ್ಕೆ ಹೋಗಿ ವರದಿಯನ್ನು ಕೈಗೆ ತೆಗೆದುಕೊಳ್ಳಿ. ನಲವತ್ತು ದಾಟಿದವರಿಗೆ ಔಷಧದಿಂದಲೇ ವಾಸಿಯಾಗಿದ್ದರೆ, ತಿಂಗಳೆರಡು ತಿಂಗಳಲ್ಲಿ ಸ್ಕ್ಯಾನಿಂಗ್ ಮತ್ತು ಕೊಲೊನೊಸ್ಕೊಪಿ ಮಾಡಿಸಬೇಕೆ ಎಂದು ನಿಮ್ಮ ಡಾಕ್ಟರನ್ನು ವಿಚಾರಿಸಿ. ಕೇಳಿದ್ದಕ್ಕೆ ಯಾವ ಒಳ್ಳೆಯ ಸರ್ಜನ್ನನೂ ಕೋಪಿಸಿಕೊಳ್ಳುವುದಿಲ್ಲ.